ಕೆಲಸ ನಿಲ್ಲಿಸದೆ ಮೆಮೊರಿ ಗುಡಿಸಿದ ಮನೋಹರಣ್ಣ

ಮನೋಹರಣ್ಣನ ತಾಯಿ ಮಾರಮ್ಮನವರೇ, ಪತ್ನಿ ಶಾಂತಕ್ಕನವರೇ, ದಂಡಿಗನಹಳ್ಳಿಯಿಂದ ಹಾಸನದವರೆಗೆ ಬಂದ ಬಂಧುಗಳೇ — ಎಲ್ಲರಿಗೂ ಕೈಮುಗಿಯುತ್ತೇನೆ. ನಾನು ಸೌಜನ್ಯ. ಆರು ವರ್ಷ ಅವರ ಪಕ್ಕದ ಕುರ್ಚಿಯಲ್ಲಿ ಕೂತು ಪ್ರೋಗ್ರಾಮು ಬರೆದವಳು. ಈ ಶ್ರದ್ಧಾಂಜಲಿ ಸಭೆಗೆ ಅಳುವುದಕ್ಕೆ ಬಂದಿಲ್ಲ — ಅವರು ಗೆದ್ದದ್ದನ್ನು ಹೇಳುವುದಕ್ಕೆ ಬಂದಿದ್ದೇನೆ.

ನಮ್ಮ ಕಂಪನಿ ತಯಾರಿಸುವುದು ಎಳೆಗೂಸುಗಳ ಉಸಿರು ಗಮನಿಸುವ ಯಂತ್ರ. ಉಸಿರು ನಿಂತರೆ ಅದು ಕೂಗಬೇಕು. ಪ್ರೋಗ್ರಾಮು ಓಡುತ್ತಿದ್ದ ಹಾಗೆ, ಬಳಸಿ ಬಿಟ್ಟ ಮಾಹಿತಿ ಮೆಮೊರಿಯಲ್ಲಿ ಕಸವಾಗಿ ತುಂಬುತ್ತದೆ. ನಮ್ಮ ಯಂತ್ರ ಎಲ್ಲ ಕೆಲಸ ನಿಲ್ಲಿಸಿ ಆ ಕಸವನ್ನು ಒಂದೇ ಸಲಕ್ಕೆ ಗುಡಿಸುತ್ತಿತ್ತು. ಒಂದು ದಿನ ಹಾಗೆ ಗುಡಿಸುವಾಗ ಪರದೆಯ ಮೇಲಿನ ಉಸಿರಿನ ಗೆರೆ ನಾಲ್ಕು ಸೆಕೆಂಡು ಅಲುಗದೆ ನಿಂತದ್ದನ್ನು ಮನೋಹರಣ್ಣ ಕಂಡರು. ನೇರವಾಗಿ ಮಾಲೀಕರಾದ ಸಿದ್ದೇಶ್ವರ ಅವರ ಹತ್ತಿರ ಹೋದರು.

“ನಾಕೇ ಸೆಕೆಂಡು ಅಲ್ವೇನ್ರೀ?” ಅಂದರು ಇವರು — ಇಲ್ಲೇ ಕೂತಿದ್ದಾರೆ, ಹೌದು ಅಂತ ತಲೆಯಾಡಿಸುತ್ತಿದ್ದಾರೆ.

“ಉಸ್ರು ನಿಂತಿರೋ ಮಗೀಗೆ ನಾಕ್ ಸೆಕೆಂಡು ಕಮ್ಮಿನಾ ಸಾ? ಈ ಮಿಷಿನ್ನ ಇಂಗೇ ಆಚೆ ಕಳ್ಸಕ್ಕೆ ನಾ ಒಪ್ಪಕಿಲ್ಲ.”

ಆಗಲೇ ಅವರ ಕಿಡ್ನಿ ಕೈಕೊಟ್ಟಿತ್ತು. ವಾರಕ್ಕೆರಡು ಸಲ ಡಯಾಲಿಸಿಸ್. ಒಂದು ಕೈಗೆ ಸೂಜಿ, ಇನ್ನೊಂದು ಕೈ — ಹೀಗೆ — ಲ್ಯಾಪ್‌ಟಾಪ್ ಮೇಲೆ. ಮೊದಲು ಎಣಿಕೆಯ ವಿಧಾನ ನೋಡಿದರು: ಒಂದು ಮಾಹಿತಿಯನ್ನು ಪ್ರೋಗ್ರಾಮಿನ ಎಷ್ಟು ಭಾಗಗಳು ಹಿಡಿದುಕೊಂಡಿವೆ ಎಂದು ಎಣಿಸು, ಸೊನ್ನೆಯಾದರೆ ತಕ್ಷಣ ಅಳಿಸು. ಚುರುಕಾಗಿತ್ತು. ಆದರೆ ಒಂದನ್ನೊಂದು ಹಿಡಿದುಕೊಂಡ ಮಾಹಿತಿಗಳ ಎಣಿಕೆ ಸೊನ್ನೆಗೆ ಇಳಿಯದೆ, ಬೇಡವಾದರೂ ಅವು ಅಳಿಯಲೇ ಇಲ್ಲ. ಮೂರನೇ ದಿನ ಮೆಮೊರಿ ತುಂಬಿ ಯಂತ್ರವೇ ನಿಂತಿತು. ಬಿಟ್ಟರು. ಆಮೇಲೆ ಹಿಡಿದದ್ದು ಚೂರುಚೂರಾಗಿ ಗುಡಿಸುವ ದಾರಿ — ಉಸಿರಿನ ಒಂದು ಅಳತೆಗೂ ಇನ್ನೊಂದಕ್ಕೂ ನಡುವೆ ಸ್ವಲ್ಪ, ಮತ್ತೆ ಸ್ವಲ್ಪ. ಗುಡಿಸುವಾಗಲೇ ಮಾಹಿತಿ ಬದಲಾಗುತ್ತದಲ್ಲ, ಬೇಕಾದದ್ದೇ ಅಳಿದುಹೋದರೆ? ಪ್ರತಿ ಬದಲಾವಣೆಗೂ ಗುರುತು ಹಾಕಿಸಿದರು, ಗುರುತು ಬಿದ್ದದ್ದನ್ನು ಮತ್ತೊಮ್ಮೆ ನೋಡದೆ ಅಳಿಸದ ಹಾಗೆ. ಒಂಬತ್ತು ವಾರ ಹಿಡಿಯಿತು.

ಚನ್ನರಾಯಪಟ್ಟಣದ ಆಸ್ಪತ್ರೆಯೊಂದರಲ್ಲಿ ಪರೀಕ್ಷೆಗಿಟ್ಟೆವು. ನಾಲ್ಕನೇ ದಿನ ಬೆಳಿಗ್ಗೆ ಒಂದು ಹಸುಗೂಸಿನ ಉಸಿರು ನಿಂತಿತು. ಯಂತ್ರ ಕೂಗಿತು! ನರ್ಸ್ ಪಾರ್ವತಮ್ಮ ಓಡಿಬಂದು ಅಂಗಾಲು ಉಜ್ಜಿದರು — ಮಗು ಅತ್ತಿತು. ದಾಖಲೆ ತೆಗೆದು ನೋಡಿದರೆ, ಅದೇ ಗಳಿಗೆಯಲ್ಲಿ ಮೆಮೊರಿ ಗುಡಿಸುವ ಕೆಲಸವೂ ನಡೆದಿತ್ತು. ಮನೋಹರಣ್ಣ ಕುರ್ಚಿಯಿಂದ ಜಿಗಿದರು: “ಗುಡಿಸ್ತಾನೂ ಇತ್ತು, ಕೂಗ್ತಾನೂ ಇತ್ತು ಕಣಮ್ಮಾ! ಗೆದ್ಬುಟ್ವಿ!”

ಗೆದ್ದರು. ಗೆದ್ದೇ ಹೋದರು.

ಆ ಮಗುವಿನ ತಾಯಿ ಪ್ರೇಕ್ಷಾ ಈ ಸಭೆಯಲ್ಲಿದ್ದಾರೆ. ಮಗಳಿಗೀಗ ಎರಡು ವರ್ಷ — ಅಗೋ, ಮಾರಮ್ಮನವರ ಸೆರಗು ಎಳೆಯುತ್ತಿದ್ದಾಳೆ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲೋಣ. ತಲೆ ತಗ್ಗಿಸುವುದು ಬೇಡ — ತಲೆಯೆತ್ತಿ, ಒಂದು ನಿಮಿಷ ಮೌನವಾಗಿರೋಣ. ಮಗು ಗಲಾಟೆ ಮಾಡಿದರೆ ಮಾತ್ರ ಯಾರೂ ಸುಮ್ಮನಿರಿಸಬೇಡಿ.