ಕಾಳಪ್ಪನ ಅಂಗೈ

ಕೂಡಲಸಂಗಮದಿಂದ ಬಂದ ಬಸ್ಸು ಹುನಗುಂದದ ಸ್ಟ್ಯಾಂಡಿನಲ್ಲಿ ನಿಂತಿತ್ತು. ಇನ್ನು ಇಲಕಲ್ಲಿಗೆ ಹೊರಡಬೇಕು. ಸಾಲಿಯಲ್ಲಿ ಕಲಿಸುವ ಅಕ್ಕೋರು ತುಳಸೀಬಾಯಿ ಹಿಂದಿನ ಕಿಟಕಿಯ ಹತ್ತಿರ ಕೂತಿದ್ದರು. ಕೆಳಗೆ ಮುದುಕ ಮೆಕ್ಯಾನಿಕ್ ಕಾಳಪ್ಪ ಎಂದಿನ ಹಾಗೆ ಒಂದೊಂದು ಗಾಲಿಯ ನಡುವಿಗೂ ಅಂಗೈ ಒತ್ತಿ ಬಿಸಿ ನೋಡುತ್ತಿದ್ದ. ಬ್ರೇಕು ಬಿಡದೆ ಹಿಡಿದುಕೊಂಡ ಗಾಲಿ ಕಾಯುತ್ತದೆ; ಅದು ಯಾವುದೆಂದು ಆ ಕೈ ಹೇಳಿತೆಂದರೆ ಯಾವ ಡ್ರೈವರನೂ ಎದುರಾಡುತ್ತಿರಲಿಲ್ಲ.

"ಎಲ್ಲಾ ತಣ್ಣಗ ಅದಾವು ಹುಲ್ಲಪ್ಪಾ. ಗಾಡಿ ಬಿಡು," ಎಂದು ಡ್ರೈವರನಿಗೆ ಹೇಳಿದ.

"ಕಾಕಾ, ಈ ಹಿಂದಿನ ಗಾಲಿ ಸುಟ್ಟ ವಾಸನಿ ಹೊಡ್ಯಾಕತ್ತೈತಿ. ಇನ್ನೊಮ್ಮೆ ನೋಡ್ರಿ."

"ನೋಡು, ಕೈ ಇಟ್ಟೇನಿ. ಏನೂ ಇಲ್ಲ."

ಡ್ರೈವರ್ ಹುಲ್ಲಪ್ಪ ತಾನೂ ಬೆರಳು ತಾಗಿಸಿ, ಚುರ್ರೆಂದು ಹಿಂದಕ್ಕೆಳೆದುಕೊಂಡ.

"ಕೈ ತಗೀರಿ ಕಾಕಾ! ಕೆಂಡ ಆಗೈತಿ!"

"ಕೆಂಡ?"

"ಅಂಗೈ ತೋರಸ್ರಿ. ಅಯ್ಯ, ಗುಳ್ಳಿ ಎದ್ದಾವಲ್ರಿ! ಉರಿಯಾಂಗಿಲ್ಲೇನು?"

"ಇಲ್ಲಪಾ."

"ಯಾವಾಗಿನಿಂದ ಹಿಂಗ?"

ಕಾಳಪ್ಪ ತನ್ನ ಅಂಗೈಯನ್ನು ಬೇರೆ ಯಾರದೋ ಎಂಬಂತೆ ನೋಡಿದ.

"ದೀಪಾವಳಿ ಆದ ಮ್ಯಾಗ ಒಂದ್ ಗಾಲೀನೂ ಕೈಗೆ ಬಿಸಿ ಹತ್ತಿಲ್ಲ. ಈ ವರ್ಷ ಗಾಡಿ ಭಾಳ ಚಲೋ ಓಡಾಕತ್ತಾವು ಅಂತ ತಿಳಕೊಂಡಿದ್ನಿ."

ಹುಲ್ಲಪ್ಪ ತಲೆಯೆತ್ತಿ ಬಸ್ಸಿನ ಕಿಟಕಿಗಳಲ್ಲಿ ಕಾಣುವ ಮಂದಿಯನ್ನು ನೋಡಿದ.

"ಮೊದಲ ಮಂದೀನ ಇಳಸು," ಎಂದ ಕಾಳಪ್ಪ.

"ಇಳಸ್ತೇನಿ. ಆಮ್ಯಾಲೆ ದವಾಖಾನಿಗೆ ಹೋಗೂಣು. ನಾನೂ ಬರ್ತೇನಿ."

ತುಳಸೀಬಾಯಿ ಎಲ್ಲರ ಜೊತೆ ಕೆಳಗಿಳಿದರು. ಹುಲ್ಲಪ್ಪ ಮುದುಕನ ಇನ್ನೊಂದು ಕೈಯನ್ನು, ಸುಟ್ಟಿರದ ಕೈಯನ್ನು, ಮೆಲ್ಲಗೆ ಹಿಡಿದುಕೊಂಡ. ಹಿಡಿದದ್ದು ಗೊತ್ತೇ ಆಗದೆ ಕಾಳಪ್ಪ ನಾಲ್ಕು ಹೆಜ್ಜೆ ನಡೆದ. ಆಮೇಲೆ ತಲೆ ಬಗ್ಗಿಸಿ, ಹುಲ್ಲಪ್ಪನ ಕೈಯಲ್ಲಿದ್ದ ತನ್ನ ಕೈಯನ್ನು ನೋಡಿದ.