ಕಟ್ಟೆಯ ಎತ್ತರ

ಮೂಳೆ ಡಾಕ್ಟರ ಕ್ಲಿನಿಕ್ಕಿನಲ್ಲಿ ನನ್ನ ಪಕ್ಕ ಕೂತಿದ್ದ ಎತ್ತರದ ಆಸಾಮಿ, ಸೊಂಟ ಹಿಡಿದುಕೊಂಡು ತನ್ನ ಅಕ್ಕನ ಹತ್ತಿರ ಗೊಣಗುತ್ತಿದ್ದ.

“ಹೊಸ ಅಡುಗೆಮನೆ ಕಟ್ಟೆ ನನ್ನ ತೊಡೆ ಹತ್ರ ಬರುತ್ತಕ್ಕಾ. ಬಗ್ಗಿ ಬಗ್ಗಿ ಸೊಂಟ ಬಿದ್ದೋಯ್ತು. ಮೇಸ್ತ್ರಿ ನನ್ನ ಹೆಂಡ್ತೀನ ನಿಲ್ಲಿಸಿ ಅಳತೆ ತಗೊಂಡಿದಾನೆ.”

“ಅಡುಗೆ ಮಾಡೋನು ನೀನಲ್ವೇನೋ? ಆಗ ಎಲ್ಲಿ ಹೋಗಿದ್ದೆ?”

“ಹಾಲ್‌ನಲ್ಲಿ ಸ್ಟವ್ ಇಟ್ಕೊಂಡು ಅವನಿಗೇ ಟೀ ಕಾಯಿಸ್ತಿದ್ದೆ!”

“ಒಡೆಸಿ ಎತ್ತರ ಮಾಡಿಸು.”

“ಮತ್ತೆ ಧೂಳು ಕುಡ್ಕೊಂಡು, ಬಚ್ಚಲಲ್ಲಿ ಪಾತ್ರೆ ತೊಳೀಬೇಕಾ? ನನ್ನ ಕೈಲಾಗಲ್ಲ.”

“ನಿನ್ನ ಹೆಂಡ್ತಿ ಏನಂತಾಳೆ?”

“ಒಡೆಯೋದು ಬೇಡ, ಇನ್ಮೇಲೆ ಅಡುಗೆ ನಾನೇ ಮಾಡ್ತೀನಿ ಅಂತಾಳೆ.”

ಅಕ್ಕ ಮುಖ ಕಿವುಚಿದಳು.

“ಅವಳ ಕೈಯಡುಗೆ ನಾನೂ ತಿಂದಿದೀನಿ ಕಣೋ.”

ನರ್ಸ್ ಕರೆದಳು. ಅಕ್ಕ ತಮ್ಮನ ರಟ್ಟೆ ಹಿಡಿದು ಎಬ್ಬಿಸಿದಳು.

“ನಾಳೇನೇ ಮೇಸ್ತ್ರೀನ ಕರೆಸು. ಪಾತ್ರೆಗಳನ್ನ ನಮ್ಮನೇಗೆ ತಗೊಂಡ್ಬಾ, ನಾನು ತೊಳೀತೀನಿ,” ಎನ್ನುತ್ತಾ ಅವನನ್ನು ಒಳಗೆ ಕರೆದೊಯ್ದಳು.