ದೋಣಿ ಮರದ ಗುಟ್ಟು

ಹೊಸ ರಸ್ತೆಗಾಗಿ ಹಳ್ಳದ ದಂಡೆಯ ದೋಣಿ ಮರವನ್ನು ಉರುಳಿಸಿದರೆಂಬ ಸುದ್ದಿ ನಮಗೆ ತಿಳಿದದ್ದು ಭಾನುವಾರ, ಪ್ರಾರ್ಥನೆ ಮುಗಿದ ಮೇಲೆ. ಆಸ್ಟ್ರೇಲಿಯಾದ ಮೂಲನಿವಾಸಿಗಳಾದ ನಮ್ಮ ಅಜ್ಜಂದಿರು ದೋಣಿ ಮಾಡಲು ಸುಲಿದ ತೊಗಟೆಯ ಗಾಯ ಅದರ ಮೈಮೇಲೆ ಹಾಗೇ ಇತ್ತು. ಮರುದಿನ ಸಿಡ್ನಿ ಬಸ್ಸಿನ ಸರದಿಯಲ್ಲಿ ನನ್ನ ಮುಂದೆ ನಮ್ಮವರೇ ಆದ ನೊಯೆಲೀನ್ ಆಂಟಿ ನಿಂತಿದ್ದರು. ಪಕ್ಕದಲ್ಲಿ ನಗರಸಭೆಯ ಪರಂಪರೆ ವಿಭಾಗದ ಕ್ರೇಗ್.

"ಅದು ರಕ್ಷಿತ ಮರ ಅಂದಿದ್ಯಲ್ಲಪ್ಪಾ?"

"ಹೌದು ಆಂಟಿ. ಕಿಡಿಗೇಡಿಗಳು ಹಾಳು ಮಾಡ್ಬಾರ್ದು ಅಂತ ಜಾಗಾನ ಗುಟ್ಟಾಗಿ ಇಟ್ಟಿದ್ವಿ."

"ಯಾರಿಗೂ ಹೇಳ್ಲಿಲ್ವಾ?"

"ಒಬ್ಬರಿಗೂ ಇಲ್ಲ."

"ಮರ ಕಡಿಯೋಕೆ ನೀವೇ ಕಳಿಸಿದೋರಿಗೆ?"

"ಅವರಿಗೂ ಹೇಳೋ ಹಾಗಿರ್ಲಿಲ್ಲ. ನಿಯಮ."

"ಭೇಷ್! ಪಾಪ, ಕಿಡಿಗೇಡಿಗಳಿಗೆ ಗೊತ್ತಾಗ್ಲೇ ಇಲ್ಲ ನೋಡು."

ಅವನು ತಲೆ ತಗ್ಗಿಸಿದ.

"ಇನ್ನೊಂದು ದೋಣಿ ಮರ ಇದೆಯಂತಲ್ಲ ಆಂಟಿ. ಎಲ್ಲಿದೆ ಹೇಳಿ, ಅದನ್ನಾದ್ರೂ ಕಾಪಾಡೋಣ."

"ಕಾಪಾಡೋದು ಹೇಗೆ ಅಂತ ನೀನೇ ಕಲಿಸಿದ್ಯಲ್ಲ ಮಗಾ. ಗುಟ್ಟಾಗಿ ಇಡ್ತೀನಿ."

ಬಸ್ಸು ಬಂತು. ಆಂಟಿ ಹತ್ತಿದರು. ಅವನು ಬೇರೆ ದಾರಿ ಹಿಡಿದ. ನಾನು ಆಂಟಿಯ ಹಿಂದೆಯೇ ಹತ್ತಿ ಕೂತು, ಟೋಪಿ ತೆಗೆದು ಕಣ್ಣು ಮುಚ್ಚಿದೆ. ದೇವರೇ, ನೆಲಕ್ಕೊರಗಿದ ಆ ಮರದ ಹಿರಿಯ ಜೀವಕ್ಕೆ ಶಾಂತಿ ಕೊಡು.